ಮಗ್ಗದ ಕುಣಿಯ ಗಡಿಗೆ

ಇಳಕಲ್ಲಿನ ಆ ಓಣಿಯಲ್ಲಿ ಯಾರೇ ಮನೆಯಿಂದ ಹೊರಬಿದ್ದರೂ "ಎಲ್ಲಿಗೆ?" ಅನ್ನುವ ಮಾತು ಕಿವಿಗೆ ಬೀಳದೆ ಮೂಲೆ ತಿರುಗುವಂತಿರಲಿಲ್ಲ. ಕಿರಾಣಿ ಅಂಗಡಿಗೆ ಹೊರಟವನನ್ನೂ ಕೇಳುತ್ತಿದ್ದರು, ತಂಬಿಗೆ ಹಿಡಿದು ಬಯಲಿಗೆ ಹೊರಟವನನ್ನೂ ಕೇಳುತ್ತಿದ್ದರು. ಉತ್ತರ ಯಾರಿಗೂ ಬೇಕಾಗಿರಲಿಲ್ಲ, ಕೇಳುವುದು ಮುಖ್ಯ. ಚಂದ್ರವ್ವನಿಗೆ ಒಂದು ಕಾಲಕ್ಕೆ ಇದು ದೊಡ್ಡ ಕಿರಿಕಿರಿ. ಗಂಡ ಶಂಭು ತೀರಿಹೋಗಿ, ಮಕ್ಕಳಿಲ್ಲದ ಮನೆಯಲ್ಲಿ ಲಾಳಿಯ ಸಪ್ಪಳ ಬಿಟ್ಟರೆ ಬೇರೆ ದನಿ ಇಲ್ಲದಂತಾದ ಮೇಲೆ, ಅವಳು ದಿನಕ್ಕೆ ನಾಲ್ಕು ಸಲ ಬೇಕೆಂದೇ ಹೊರಗೆ ಬರತೊಡಗಿದಳು. ಕೇಳಲಿ ಅಂತ.

ಗಂಡನ ಮಗ್ಗಕ್ಕೆ ಅವಳೇ ಕೂತಾಗ ಓಣಿ ಒಂದಿಷ್ಟು ದಿನ ಆಡಿಕೊಂಡಿತು. ಹೆಂಗಸರು ನೂಲು ಸುತ್ತಬೇಕು, ಉದ್ದೆಳೆಯ ಹಾಸು ತಯಾರು ಮಾಡಬೇಕು, ಕುಣಿಗೆ ಇಳಿಯಬಾರದು ಅಂತ ಕೆಲವರ ಶಾಸ್ತ್ರ. ಆ ಶಾಸ್ತ್ರ ಹೇಳಿದವರಲ್ಲಿ ಒಬ್ಬರೂ ಅವಳ ಮನೆಗೆ ಜೋಳ ತಂದು ಹಾಕುವವರಾಗಿರಲಿಲ್ಲ. ಹೀಗಾಗಿ ಚಂದ್ರವ್ವ ಶಾಸ್ತ್ರವನ್ನು ಅವರಿಗೇ ಬಿಟ್ಟು ಕುಣಿಗಿಳಿದಳು.

ಕುಣಿ ಅಂದರೆ ಮಗ್ಗದ ಮುಂದಿನ ತಗ್ಗು. ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ತಗ್ಗಿನಲ್ಲಿ ನೆಲದ ತಂಪಿರುತ್ತದೆ, ತಂಪಿದ್ದರೆ ಎಳೆ ಹರಿಯುವುದಿಲ್ಲ. ಬೇಸಿಗೆಯಲ್ಲಿ ಆ ತಂಪೂ ಸಾಲದಾದಾಗ ಓಣಿಯ ನೇಕಾರರು ಕುಣಿಯ ಮೂಲೆಗೆ ಅಗಲ ಬಾಯಿಯ ಗಡಿಗೆಯೊಂದನ್ನು ಇಳಿಸಿ ನೀರು ತುಂಬುತ್ತಿದ್ದರು. "ಮನಷ್ಯಾಗ ಅಷ್ಟ ಅಲ್ಲ, ಎಳಿಗೂ ನೀರಡಿಕಿ ಆಕ್ಕೈತಿ" ಎನ್ನುತ್ತಿದ್ದ ಶಂಭು. ಯುಗಾದಿಗೆ ಗಡಿಗೆ ಇಳಿಸುವುದು, ಜೂನ್ ಮೊದಲಿಗೆ ಮಿರಗದ ಮಳೆ ಬಿದ್ದ ದಿನ ಮೇಲೆತ್ತಿ ಬೋರಲು ಹಾಕುವುದು, ಇದು ಅವನ ಅಪ್ಪನ ಕಾಲದಿಂದ ಬಂದ ರೂಢಿ. ಈಚೆಗೆ ರೂಢಿ ದಿಕ್ಕು ತಪ್ಪಿತ್ತು. ಶಿವರಾತ್ರಿಗೇ ಬಿಸಿಲು ಏರುತ್ತಿತ್ತು. ಮಿರಗ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೀಪಾವಳಿ ಕಳೆದರೂ ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಗಡಿಗೆ ಇಳಿಯುವ ದಿನ ಹಿಂದಕ್ಕೆ ಸರಿಯಿತು, ಏಳುವ ದಿನ ಮುಂದಕ್ಕೆ ಹೋಯಿತು. 2006ನೇ ಇಸವಿಯ ಹೊತ್ತಿಗೆ ಚಂದ್ರವ್ವ ಅದನ್ನು ಎತ್ತುವುದನ್ನೇ ಬಿಟ್ಟಿದ್ದಳು. ನೀರು ಇಳಿದಷ್ಟು ಮೇಲೆ ಸುರಿಯುವುದು, ಅಷ್ಟೆ. ಗಡಿಗೆಯ ತಳ ಕಂಡು ಎರಡು ವರ್ಷವಾಗಿತ್ತು.

ಮೂರು ಮನೆ ಆಚೆ ಕಾಸಿಂಬಿ ಇದ್ದಳು. ಚಂದ್ರವ್ವನಿಗಿಂತ ಆರೇಳು ವರ್ಷ ದೊಡ್ಡವಳು, ಅವಳೂ ಗಂಡನನ್ನು ಕಳೆದುಕೊಂಡವಳು. ಅವಳ ಕಸುಬು ಕೊಂಡಿ ಹಾಕುವುದು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡನ್ನೂ ಒಂದೊಂದೇ ಎಳೆಯಾಗಿ, ಕೊಂಡಿಯೊಳಗೆ ಕೊಂಡಿ ಸಿಕ್ಕಿಸಿ ಕೂಡಿಸಬೇಕು. ಅಂಥ ಸಾವಿರಾರು ಕೊಂಡಿ ಹಾಕಿದ ಮೇಲೆ ಒಂದು ಸೀರೆಗೆ ಸೆರಗು ಕೂಡಿಕೊಳ್ಳುತ್ತದೆ. ಒಬ್ಬರು ಈ ಕಡೆಯಿಂದ ಎಳೆ ಕೊಡಬೇಕು, ಇನ್ನೊಬ್ಬರು ಆ ಕಡೆ ಕೂತು ಬಿಗಿ ಹಿಡಿದು ತೆಗೆದುಕೊಳ್ಳಬೇಕು. ಕೊಡುವ ಕೈ ಯಾರದಾದರೂ ನಡೆಯುತ್ತದೆ, ತೆಗೆದುಕೊಳ್ಳುವ ಕೈ ಕಾಸಿಂಬಿಯದೇ ಆಗಬೇಕು ಅಂತ ಓಣಿಗೆಲ್ಲ ಗೊತ್ತಿತ್ತು.

ಅವಳ ಗಂಡ ಇಬ್ರಾಹಿಂಸಾಬ ಬಸ್ ಕಂಡಕ್ಟರನಾಗಿದ್ದ. ಆ ನೆನಪಿಗೋ ಏನೋ, ಕಾಸಿಂಬಿ ಕೊಂಡಿ ಎಣಿಸುತ್ತ ಐದು ನೂರಕ್ಕೊಂದು ಸ್ಟಾಪು ಕೊಡುತ್ತಿದ್ದಳು. "ಹುನಗುಂದ ಬಂತು, ಯಾರ್ರೀ ಇಳಿಯವ್ರು?" ಎಂದು ಗಂಡನ ದನಿಯಲ್ಲೇ ಕೂಗುತ್ತಿದ್ದಳು. ಆಮೇಲೆ ಅಮೀನಗಡ, ಬೇವೂರು, ಬಾಗಲಕೋಟಿ. ಕಡೆಗೆ "ಬಾದಾಮಿ, ಬಾದಾಮಿ, ಎಲ್ಲಾರೂ ಇಳೀರಿ, ಗಾಡಿ ಖಾಲಿ" ಅಂದರೆ ಸೆರಗು ಕೂಡಿತು ಅಂತ ಅರ್ಥ. ಇಬ್ಬರೂ ಕುಣಿಯ ಎರಡು ದಂಡೆಗೆ ಕಾಲು ಇಳಿಬಿಟ್ಟು ಕೂತು ನಗುತ್ತಿದ್ದರು. ನಡುವೆ ಗಡಿಗೆ. ವಾರವೆಲ್ಲ ಸುಮ್ಮನಿದ್ದ ಮನೆ ಕೊಂಡಿ ಹಾಕುವ ದಿನ ಮಾತಾಡುತ್ತಿತ್ತು. ಕಾಸಿಂಬಿ ಚಾ ಕುಡಿದು ಎದ್ದುಹೋದ ಮೇಲೆ ಅವಳ ಬಸಿಯನ್ನು ಚಂದ್ರವ್ವ ತಕ್ಷಣ ತೊಳೆಯುತ್ತಿರಲಿಲ್ಲ, ಸಂಜೆಯವರೆಗೆ ಹಾಗೇ ಇಟ್ಟುಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಊರಿಗೆ ಹೊಸ ಜ್ವರ ಬಂತು. ಜ್ವರ ಹೋದರೂ ಸಂದುಗಳನ್ನು ಹಿಡಿದು ಕೂರುವ ಜ್ವರ. ಚಿಕೂನ್‌ಗುನ್ಯಾ ಅಂತ ಅದರ ಹೆಸರು ಕೇಳಿ ಕೆಲವರು ಕೋಳಿ ತಿನ್ನುವುದನ್ನು ಬಿಟ್ಟರು. ಪಕ್ಕದ ಮನೆಯ ಹಿರಿಯ ನೇಕಾರ ಮುತ್ತಪ್ಪ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು, "ನಮಗ ಹ್ಯಾಂಗ ಬರತೈತಿ ಅದು?" ಎಂದು ಧೈರ್ಯವಾಗಿದ್ದ. ಎಂಟೇ ದಿನದಲ್ಲಿ ಅವನ ಸೊಸೆ ಸುಮಾ ಗೋಡೆ ಹಿಡಿದು ನಡೆಯುವಂತಾದಳು.

ಚಂದ್ರವ್ವನಿಗೂ ಬಂತು. ಮೂರು ದಿನ ಮೈ ಕೆಂಡ. ಕಾಸಿಂಬಿ ಎರಡು ಹೊತ್ತು ಗಂಜಿ ತಂದಳು, ತಲೆ ಒತ್ತಿದಳು, ಮನೆ ಗುಡಿಸಿದಳು. ನಾಲ್ಕನೇ ದಿನ ಚಂದ್ರವ್ವ ಎದ್ದು ಕೂತಳು, ವಾರದಲ್ಲಿ ಮಗ್ಗಕ್ಕೂ ಕೂತಳು. ಕಾಸಿಂಬಿ ದಿನವೂ ಬಂದು ಕುಣಿಯ ದಂಡೆಗೆ ಕೂತು ಮಾತಾಡಿಸಿ ಹೋಗುತ್ತಿದ್ದಳು. ಇನ್ನೊಂದು ವಾರಕ್ಕೆ ಕೆಂಪು ರೇಷ್ಮೆಯ ಸೆರಗಿನ ಹಾಸು ತಯಾರಾಯಿತು. ಕಾಸಿಂಬಿ ಬಂದು ಎದುರಿಗೆ ಕೂತು ಹುನಗುಂದ ದಾಟಿಸಿದಳು, ಅಮೀನಗಡ ದಾಟಿಸಿದಳು. ಬೇವೂರು ಬಂದಾಗ ಕೂಗಲಿಲ್ಲ.

"ಯಾಕಕ್ಕಾ?"

"ಮೈ ಯಾಕೋ ಹಿಡದಂಗ ಆಗೇತಿ. ನಾಳಿ ಬರ್ತೇನಿ ತಗೋ."

ನಾಳೆ ಅವಳು ಬರಲಿಲ್ಲ. ಜ್ವರ ಐದು ದಿನಕ್ಕೆ ಬಿಟ್ಟಿತು, ಬೆರಳು ಮಾತ್ರ ಬಿಚ್ಚಲಿಲ್ಲ. ತಿಂಗಳಾದ ಮೇಲೂ ಅವಳಿಗೆ ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಸರಕಾರಿ ದವಾಖಾನೆಯಲ್ಲಿ ನೋವಿನ ಗುಳಿಗೆ ಕೊಟ್ಟು "ತಾನ ಹೋಗತೈತಿ" ಎಂದರು. ಎಂದು ಹೋಗುತ್ತದೆಂದು ಯಾರೂ ಹೇಳಲಿಲ್ಲ.

ಜೂನ್‌ನಲ್ಲಿ ಒಂದು ದಿನ ಚಂದ್ರವ್ವನ ಬಾಗಿಲಿಗೆ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಬ್ಯಾಟರಿ, ನೀರು ಮೊಗೆದು ನೋಡುವ ಸೌಟು, ಬಗಲಲ್ಲಿ ದೊಡ್ಡ ರಜಿಸ್ಟರು. ಹೆಸರು ರಂಜನಾ, ಬಾಗಲಕೋಟೆಯ ವಿದ್ಯಾಗಿರಿಯ ಮಾಸ್ತರರೊಬ್ಬರ ಮಗಳು. ಕಾಲೇಜು ಮುಗಿಸಿ ಮೂರು ತಿಂಗಳ ಮಟ್ಟಿಗೆ ಆರೋಗ್ಯ ಇಲಾಖೆಯ ಸರ್ವೇ ಕೆಲಸಕ್ಕೆ ಸೇರಿದವಳು. ಹಂಡೆ ನೋಡಿದಳು, ಬಚ್ಚಲ ನೋಡಿದಳು, ಮಾಳಿಗೆ ಹತ್ತಿ ಒಡೆದ ಬಕೆಟ್ಟನ್ನೂ ನೋಡಿದಳು.

"ಮತ್ತ ಎಲ್ಲರೆ ನೀರು ತುಂಬಿಟ್ಟೀರೇನ್ರಿ, ಚಂದ್ರವ್ವಾರ?"

"ಇಲ್ಲರಿ ಬಾಯಾರ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮನೆಯ ನೀರು ಅಂದರೆ ಕುಡಿಯುವ ನೀರು, ಬಳಸುವ ನೀರು. ಕುಣಿಯದು ಮಗ್ಗದ ನೀರು, ಅದು ಅವಳ ಲೆಕ್ಕಕ್ಕೇ ಬರಲಿಲ್ಲ. ಹಾಸು ಕಟ್ಟಿದ ಮಗ್ಗದ ಕುಣಿಯಲ್ಲಿ ಹೊರಗಿನವರು ಇಣುಕಬಾರದೆಂಬ ರೂಢಿ ಬೇರೆ ಇತ್ತು. ಹುಡುಗಿ ಮಗ್ಗದ ಹತ್ತಿರ ಬಂದು, ಕೆಂಪು ಎಳೆಗಳನ್ನು ನೋಡಿ, ಮರ್ಯಾದೆಯಿಂದ ಹಿಂದೆ ಸರಿದು ನಿಂತಳು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

"ವಾರಕ್ಕೊಮ್ಮೆ ಎಲ್ಲಾ ಭಾಂಡೆ ಖಾಲಿ ಮಾಡಿ, ತಿಕ್ಕಿ, ಒಣಗಿಸಬೇಕ್ರಿ" ಎಂದಳು ರಂಜನಾ, ಪಾಠ ಒಪ್ಪಿಸಿದ ಹಾಗೆ.

"ನಳದ ನೀರು ಬರೂದು ಒಂಬತ್ತು ದಿನಕ್ಕೊಮ್ಮೆ, ಬಾಯಾರ. ಏಳನೇ ದಿನ ಚೆಲ್ಲಿದ್ರ ಎಂಟು, ಒಂಬತ್ತು ಏನ ಕುಡೀಲಿ?"

ಆ ಪಾಠ ಬರೆದವರ ಮನೆಯ ನಳ ದಿನವೂ ಬರುತ್ತಿತ್ತೆಂದು ಕಾಣುತ್ತದೆ. ಕಡೆಗೆ ಹುಡುಗಿ, "ಹಂಗಾರ ಭಾಂಡೆ ಬಾಯಿಗೆ ಅರಿವಿ ಬಿಗಿದು ಕಟ್ಟರಿ" ಎಂದು, ಚೀಲದಿಂದ ಸಣ್ಣ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. ನೀರಿನಲ್ಲಿ ಕೂದಲೆಳೆಯಂಥ ಹುಳಗಳು ಬಳುಕುತ್ತಿದ್ದವು. "ಇವು ಸೊಳ್ಳಿ ಮರಿ. ಇವು ದೊಡ್ಡವಾಗಿ ಹಗಲಿನ್ಯಾಗ ಕಾಲಿಗೆ ಕಡೀತಾವ. ಜ್ವರ ಇದ್ದವ್ರನ್ನ ಕಡಿದು, ಒಂದು ವಾರ, ಹತ್ತು ದಿನ ಆದಮ್ಯಾಲೆ ಮತ್ತೊಬ್ಬರನ್ನ ಕಡಿದ್ರ ಅವ್ರಿಗೂ ಜ್ವರ ಬರ್ತದ."

ಚಂದ್ರವ್ವ ಅವಳನ್ನು ಕಾಸಿಂಬಿಯ ಮನೆಗೆ ಕರೆದುಕೊಂಡು ಹೋದಳು. ರಂಜನಾ ರಜಿಸ್ಟರು ಬಿಚ್ಚಿ ಕೇಳಿದಳು, ಹದಿನೈದು ದಿನದೊಳಗೆ ಜ್ವರ ಬಂದಿತ್ತೇ? ಇಲ್ಲ, ತಿಂಗಳಾಯಿತು. ಹಾಗಾದರೆ ಬರೆಯಲು ಜಾಗವಿಲ್ಲ. ಕಾಸಿಂಬಿ ಎರಡೂ ಕೈ ಮುಂದೆ ಚಾಚಿದಳು.

"ಇದಕ್ಕ ಖಾನಿ ಇಲ್ಲೇನಬೇ?"

ರಂಜನಾ ರಜಿಸ್ಟರಿನ ಈ ಹಾಳೆಯಿಂದ ಆ ಹಾಳೆಗೆ ಹೋದಳು. ಜ್ವರಕ್ಕೆ ಖಾನೆ ಇತ್ತು, ರಕ್ತಕ್ಕೆ ಇತ್ತು, ಸಾವಿಗೂ ಇತ್ತು. ಬೆರಳಿಗೆ ಇರಲಿಲ್ಲ. ಅವಳು ಅಂಚಿನಲ್ಲಿ ಪೆನ್ಸಿಲಿನಿಂದ ಏನನ್ನೋ ಬರೆದುಕೊಂಡು, ತಲೆ ಎತ್ತದೆ ಹೊರಟುಹೋದಳು.

ಮರುದಿನ ಮಧ್ಯಾಹ್ನ ಚಂದ್ರವ್ವ ಕುಣಿಯಲ್ಲಿ ಕೂತಿದ್ದಾಗ ಕಾಲಿನ ಮೀನಖಂಡಕ್ಕೆ ಏನೋ ಕಡಿಯಿತು. ಕೆರೆದುಕೊಂಡಳು. ಮತ್ತೆ ಕಡಿಯಿತು. ಕೆರೆಯುತ್ತಿದ್ದ ಕೈ ಹಾಗೇ ನಿಂತಿತು. ಚಿಮಣಿ ದೀಪ ಹಚ್ಚಿ ಮೂಲೆಗೆ ಹಿಡಿದಳು. ಗಡಿಗೆಯ ನೀರು ಪೂರಾ ಹುಳಗಳಿಂದ ಬಳುಕುತ್ತಿತ್ತು.

ಅವಳು ಕೂತಲ್ಲೇ ದಿನ ಎಣಿಸಿದಳು. ತನ್ನ ಜ್ವರ ಯಾವಾಗ, ಕಾಸಿಂಬಿ ಈ ದಂಡೆಗೆ ಕಾಲು ಬಿಟ್ಟು ಕೂತದ್ದು ಯಾವಾಗ, ಬೇವೂರಿನಲ್ಲಿ ದನಿ ನಿಂತದ್ದು ಯಾವಾಗ. ಹುಡುಗಿ ಹೇಳಿದ ಹತ್ತು ದಿನದ ಲೆಕ್ಕ ಕೊಂಡಿಯೊಳಗೆ ಕೊಂಡಿ ಕೂಡಿದ ಹಾಗೆ ಕೂಡಿತು. ಗಡಿಗೆಯನ್ನು ತಬ್ಬಿ ಮೇಲೆತ್ತಿ, ಹಿತ್ತಲ ಬಿಸಿಮಣ್ಣಿನ ಮೇಲೆ ಬೋರಲು ಹಾಕಿ, ಒದ್ದೆ ಆರುವ ತನಕ ಅಲ್ಲೇ ನಿಂತಿದ್ದಳು.

ಆಮೇಲೆ ಮುತ್ತಪ್ಪನ ಕಟ್ಟೆಗೆ ಹೋದಳು. ಅವನ ಮನೆಯಲ್ಲಿ ಮೂರು ಮಗ್ಗ, ಮೂರು ಗಡಿಗೆ.

"ಕಾಕಾ, ಗಡಗ್ಯಾಗ ಗುಂಗಾಡಿ ಮರಿ ಅದಾವ. ಓಣಿಯೊಳಗ ಜ್ವರ ನಮ್ಮ ಕುಣ್ಯಾಗಿಂದನ ಬಂದೈತಿ. ಆ ಸರ್ವೇ ಬಾಯಾರಿಗೆ ಹೇಳೂಣ್ರಿ."

ಮುತ್ತಪ್ಪ ಆಚೆ ಈಚೆ ನೋಡಿ ದನಿ ತಗ್ಗಿಸಿದ. "ತಲಿ ನೆಟ್ಟಗೈತೇನ ನಿಂದು? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ. ಇಡೀ ಜಿಲ್ಲಾಕ್ಕ ಜ್ವರ ಬಂದೈತಿ, ಅಲ್ಲೆಲ್ಲಾ ಕುಣಿಮಗ್ಗ ಅದಾವೇನು? ಹೇಳಿದಿ ಅಂದ್ರ ನಾಳಿ ಬೂಟು ಹಾಕ್ಕೊಂಡು ಕುಣಿಗೆ ಇಳೀತಾರ, ರೇಶ್ಮಿ ಮ್ಯಾಲೆ ಔಷಧ ಹೊಡೀತಾರ. ಈ ಬಿಸಲಾಗ ನೀರಿಲ್ದ ಎಳಿ ನಿಲ್ತಾವೇನು?"

ಅವನ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಎಳೆ ನಿಲ್ಲುವುದಿಲ್ಲ, ಎಳೆ ನಿಲ್ಲದಿದ್ದರೆ ಮನೆ ನಿಲ್ಲುವುದಿಲ್ಲ. ಆದರೆ ಅವನ ಹಿಂದೆ ಸುಮಾ ಗೋಡೆ ಹಿಡಿದು ಒಳಗಿನಿಂದ ಹೊರಗೆ ಬರುತ್ತಿದ್ದಳು. ಚಂದ್ರವ್ವ ಅವಳ ಕಾಲನ್ನೇ ನೋಡುತ್ತ ಎದ್ದು ಬಂದಳು.

ನಾಲ್ಕು ದಿನ ಬಿಟ್ಟು ರಂಜನಾ ಮತ್ತೆ ಓಣಿಗೆ ಬಂದಾಗ ಚಂದ್ರವ್ವ ಅವಳ ಕೈ ಹಿಡಿದು ಮಗ್ಗದ ಹತ್ತಿರ ಎಳೆದೊಯ್ದು, "ಇಲ್ಲಿ ನೋಡ್ರಿ, ಇಲ್ಲಿ ಇಟ್ಟಿದ್ನಿ. ಎಲ್ಲಾರೂ ಇಲ್ಲೇ ಇಡ್ತಾರ" ಎಂದಳು. ಹುಡುಗಿ ಬ್ಯಾಟರಿ ಬೆಳಕು ಬಿಟ್ಟು ಕುಣಿಯನ್ನು ನೋಡಿದಳು, ಹಣೆ ಒತ್ತಿಕೊಂಡಳು. "ಎರಡು ವಾರದಿಂದ ಇದೇ ಓಣ್ಯಾಗ ಮಾಳಿಗಿ ಮಾಳಿಗಿ ಹತ್ತೀನ್ರಿ ನಾ!"

"ಕಾಸಿಂಬಿಗೆ ನನ್ನ ಗಡಗಿಯಿಂದನ ಬಂತೇನ್ರಿ?"

"ಅದನ್ನ ಯಾರೂ ಹೇಳಲಿಕ್ಕೆ ಬರೂದಿಲ್ರಿ. ಅರ್ಧ ಊರಿಗೆ ಬಂದದ. ಯಾರ ಮನಿ ಸೊಳ್ಳಿ ಅಂತ ಹ್ಯಾಂಗ ಹೇಳೋದು?"

ಸಮಾಧಾನಕ್ಕೆ ಹೇಳಿದ ಮಾತು, ಸುಳ್ಳೂ ಅಲ್ಲ. ಆದರೆ ಅರ್ಧ ಊರು ಚಂದ್ರವ್ವನ ಎದುರಿಗೆ ಕಾಲು ಬಿಟ್ಟು ಕೂತಿರಲಿಲ್ಲ. ಕೂತವಳು ಒಬ್ಬಳೇ.

ಎಳೆಗೆ ತಂಪು ಬೇಕೇ ಬೇಕು ಅಂದಾಗ ರಂಜನಾ ಯೋಚನೆಗೆ ಬಿದ್ದಳು. ದಾರಿ ಹುಡುಕಿದವಳು ಚಂದ್ರವ್ವನೇ. ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ ಹಿಂಡಿ ಕುಣಿಯ ಗೋಡೆಗೆ ತೂಗುಹಾಕಿದಳು. ತಂಪೂ ಇತ್ತು, ಮರಿ ಹಾಕಲು ನಿಂತ ನೀರೂ ಇರಲಿಲ್ಲ. ದಿನಕ್ಕೆ ಮೂರು ಸಲ ಅದ್ದಬೇಕು ಅನ್ನುವುದೊಂದೇ ತೊಂದರೆ. ರಂಜನಾ ಅದನ್ನೂ ಅಂಚಿನಲ್ಲಿ ಬರೆದುಕೊಂಡಳು.

ಮರುದಿನ ಮೇಲಿನ ಸಾಹೇಬರೊಡನೆ ಐದಾರು ಜನ ಬಂದರು. ಮನೆ ಮನೆಯ ಕುಣಿಗೆ ಬ್ಯಾಟರಿ ಬಿಟ್ಟರು. ಒಟ್ಟು ಇಪ್ಪತ್ತೆರಡು ಗಡಿಗೆ ಬೀದಿಗೆ ಬಂದವು. ಯಾರು ಹೇಳಿದ್ದೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಆವತ್ತಿನಿಂದ ಓಣಿ ಚಂದ್ರವ್ವನನ್ನು "ಎಲ್ಲಿಗೆ?" ಅನ್ನುವುದನ್ನು ನಿಲ್ಲಿಸಿತು. ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಬೈದಿದ್ದರೆ ಅವಳೂ ಬೈದು ಹಗುರಾಗುತ್ತಿದ್ದಳು. ಅವಳು ಕೊಡ ಹಿಡಿದು ಹೊರಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಕಾಸಿಂಬಿಯ ಮನೆಗೆ ಹೋಗಲು ಅವಳಿಗೆ ಇನ್ನೂ ಮೂರು ದಿನ ಬೇಕಾಯಿತು. ಸರಕಾರದವರಿಗೆ ಹೇಳುವಾಗ ಆಗದ ಹೆದರಿಕೆ ಈ ಮೂರು ಮನೆಯ ದಾರಿಯಲ್ಲಿ ಆಯಿತು. ಓಣಿ ಮಾತು ಬಿಟ್ಟರೆ ಬಿಡಲಿ. ಕಾಸಿಂಬಿ ಬಿಟ್ಟರೆ ಅವಳಿಗೆ ಯಾರಿದ್ದರು?

ಕಾಸಿಂಬಿ ಗೋಡೆಗೊರಗಿ ಕೂತಿದ್ದಳು. ಚಂದ್ರವ್ವ ಬಾಗಿಲಲ್ಲೇ ನಿಂತು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಳು.

"ಗೊತ್ತೈತಿ" ಎಂದಳು ಕಾಸಿಂಬಿ. "ಸುಮಾ ಬಂದು ಹೇಳಿಹೋಗ್ಯಾಳ."

"ತಪ್ಪಾತಕ್ಕಾ."

"ಗಡಗಿದೇನು ತಪ್ಪು? ನೀ ಜ್ವರದಾಗ ಬಿದ್ದಾಗ ಎಳಿ ಒಣಗ್ಯಾವಂತ ಆ ಗಡಗಿಗೆ ನೀರು ಹಾಕಿದಾಕಿ ನಾನ. ಮೂರ ದಿನಾ ಹಾಕೇನಿ. ಅದಕ್ಕ ನನಗ ಸಿಟ್ಟಿಲ್ಲ." ಅವಳು ಮೊದಲ ಸಲ ತಲೆ ಎತ್ತಿದಳು. "ಮುತ್ತಪ್ಪಗ ಹೇಳಿದಿ. ಎಲ್ಲೀದೋ ಬಾಗಲಕೋಟಿ ಹುಡಿಗಿಗೆ ಹೇಳಿದಿ. ಊರಿಗೆಲ್ಲಾ ಗೊತ್ತಾದ ಮ್ಯಾಲೆ ಕಡೀಕ ನನಗ ಹೇಳಾಕ ಬಂದಿ. ಈ ಕೈ ಯಾರವು, ಚಂದ್ರವ್ವಾ?"

ನೀ ಸಿಟ್ಟಾಗ್ತಿ ಅಂತ ಹೆದರಿದ್ನಿ ಎಂದು ಚಂದ್ರವ್ವ ಹೇಳಬಹುದಿತ್ತು. ಹೊಸ್ತಿಲಿಂದಲೇ ಮನೆಗೆ ತಿರುಗಿದಳು. ಆ ವಾರವೇ ಕಾಸಿಂಬಿಯ ಮಗಳು ಮಾಸುಮಬಿ ಹುನಗುಂದದಿಂದ ಬಂದು ಅವ್ವನನ್ನು ಕರೆದುಕೊಂಡು ಹೋದಳು. ಕಾಸಿಂಬಿ ಹೋಗುವಾಗ ಓಣಿಯೆಲ್ಲ ನಿಂತು "ಎಲ್ಲಿಗೆ?" ಎಂದು ಕೇಳಿತು. ಚಂದ್ರವ್ವ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡಳು.

ಕೆಂಪು ಸೆರಗು ಬೇವೂರಿನಲ್ಲೇ ನಿಂತಿತ್ತು. ಬೇರೆಯವರನ್ನು ಕರೆಯೋಣವೆಂದರೆ ಓಣಿಯಲ್ಲಿ ಯಾರು ಬರುತ್ತಾರೆ? ಆ ದಂಡೆಗೆ ಒಂದು ಮೊಳೆ ಹೊಡೆದು, ಎಳೆಯನ್ನು ಅದಕ್ಕೆ ಸಿಕ್ಕಿಸಿ, ಈ ಕಡೆ ಬಂದು ಕೊಟ್ಟು, ಆ ಕಡೆ ಹೋಗಿ ಎಳೆದು, ಒಬ್ಬಳೇ ಕೊಂಡಿ ಹಾಕತೊಡಗಿದಳು. ಇಬ್ಬರಿಗೆ ಒಂದು ದಿನದ ಕೆಲಸ ಅವಳಿಗೆ ಹನ್ನೊಂದು ದಿನ ಹಿಡಿಯಿತು. ಬಾಗಲಕೋಟೆ ಬಂದಾಗ ಕೂಗಲು ಬಾಯಿ ತೆರೆದಳು, ನಾಚಿಕೆಯಾಗಿ ಮುಚ್ಚಿದಳು. ಸೀರೆ ಮುಗಿಯುವ ಹೊತ್ತಿಗೆ ಶ್ರಾವಣ ಕಳೆದಿತ್ತು. ಅದನ್ನು ಅಂಗಡಿಗೆ ಕೊಡಲು ಮನಸ್ಸಾಗಲಿಲ್ಲ. ಚೀಲದಲ್ಲಿ ಹಾಕಿಕೊಂಡು ಹುನಗುಂದದ ಬಸ್ಸು ಹತ್ತಿದಳು.

ಮಾಸುಮಬಿ ಕೂಲಿಗೆ ಹೋಗಿದ್ದಳು. ಕಾಸಿಂಬಿ ಒಬ್ಬಳೇ ಬಿಸಿಲಿಗೆ ಕೂತಿದ್ದಳು. ಕೈ ಮೇಲೆತ್ತಲು ಬಾರದೆ ಬಾಚದ ಕೂದಲು ಗಂಟುಗಟ್ಟಿತ್ತು. "ಬಾ" ಅನ್ನಲಿಲ್ಲ, "ಯಾಕ ಬಂದಿ" ಎಂದೂ ಅನ್ನಲಿಲ್ಲ. ಚಂದ್ರವ್ವ ಸೀರೆ ಬಿಚ್ಚಿ ಅವಳ ತೊಡೆಯ ಮೇಲೆ ಹರವಿದಳು.

ಬೆರಳು ಕೆಲಸಕ್ಕೆ ಬಾರದ್ದರಿಂದ ಕಾಸಿಂಬಿ ಬಾಗಿ, ಸೆರಗು ಕೂಡಿದ ಸಾಲಿಗೆ ಗಲ್ಲ ಇಟ್ಟಳು. ಮೆಲ್ಲಗೆ ಅಂಚಿನಿಂದ ಸರಿಸುತ್ತ ಬಂದಳು. ಅರ್ಧ ದಾಟಿದ ಮೇಲೆ ಒಂದು ಕಡೆ ನಿಂತಳು.

"ಬೇವೂರು" ಎಂದಳು. "ನಾ ಇಲ್ಲೇ ಇಳದೆ."

"ಹೂಂ."

"ಮುಂದ ನೀ ಒಬ್ಬಾಕಿ ಹೋಗೀದಿ. ಭಾಳ ಸಡಲ ಆಗೇತಿ."

"ಆ ಕಡೆ ಹಿಡಿಯವ್ರು ಯಾರಿದ್ರಕ್ಕಾ?"

ಕಾಸಿಂಬಿ ಗಲ್ಲವನ್ನು ಅಲ್ಲಿಂದ ತೆಗೆಯಲಿಲ್ಲ. ಕೆಂಪು ರೇಷ್ಮೆಯ ಮೇಲೆ ಒಂದು ಕಡೆ ಒದ್ದೆ ಹರಡಿತು. ಆಮೇಲೆ ಅವಳು ಮುಖ ಎತ್ತಿ, ಚಂದ್ರವ್ವನಿಗೆ ಬೆನ್ನು ಮಾಡಿ ತಿರುಗಿ ಕೂತಳು.

"ಹಣಿಗಿ ಆ ಗೂಡಿನ್ಯಾಗ ಐತಿ. ತಲಿ ಹಿಕ್ಕು. ಬಿಗಿ ಹಾಕು ಮತ್ತ, ಸೀರಿಗೆ ಮಾಡಿದಂಗ ಸಡಲ ಮಾಡಬ್ಯಾಡ."

ಚಂದ್ರವ್ವ ಎಣ್ಣೆ ಹಚ್ಚಿ, ಒಂದೊಂದೇ ಸಿಕ್ಕು ಬಿಡಿಸಿ, ಬಿಗಿಯಾಗಿ ಹೆರಳು ಹಾಕಿದಳು. ಮತ್ತೆ ಬಾ ಎಂದು ಕಾಸಿಂಬಿ ಹೇಳಲಿಲ್ಲ, ಆದರೆ ಸೀರೆಯನ್ನು ಹಿಂದೆ ಕೊಡಲೂ ಇಲ್ಲ.

ಸಂಜೆ ಚಂದ್ರವ್ವ ಇಳಕಲ್ಲಿಗೆ ಬಂದಿಳಿದು ಓಣಿ ಹೊಕ್ಕಾಗ ಮುತ್ತಪ್ಪ ಕಟ್ಟೆಯ ಮೇಲಿದ್ದ. ಅವನ ಬಾಗಿಲಲ್ಲಿ ಮೂರು ಗೋಣಿತಟ್ಟು ನೀರು ಸೋರುತ್ತ ತೂಗುತ್ತಿದ್ದವು, ಆಚೆ ಮನೆಯಲ್ಲೂ ಎರಡು. ಸುಮಾ ಗೋಡೆ ಹಿಡಿಯದೆ ಕೊಡ ಹೊತ್ತು ನಡೆಯುತ್ತಿದ್ದಳು. ಮುತ್ತಪ್ಪ ಚಂದ್ರವ್ವನ ಕೈಯ ಖಾಲಿ ಚೀಲ ನೋಡಿದ, ಮುಖ ನೋಡಿದ, "ಎಲ್ಲಿಗೆ?" ಅನ್ನಲು ಬಾಯಿ ತೆರೆದ ಹಾಗೂ ಅನಿಸಿತು. ಚಂದ್ರವ್ವ ಹೆಜ್ಜೆ ನಿಧಾನ ಮಾಡಿದಳು. ಅವನು ಎಲೆಗೆ ಸುಣ್ಣ ಹಚ್ಚತೊಡಗಿದ.

ಮನೆಯ ಕೀಲಿ ತೆಗೆದು ಒಳಗೆ ಹೋದಳು. ಇಡೀ ದಿನ ನೀರು ಕಾಣದ ಗೋಣಿತಟ್ಟು ಒಣಗಿ ಸೆಟೆದಿತ್ತು. ಅದನ್ನು ಅದ್ದಿ, ಹಿಂಡಿ, ಕುಣಿಯ ಗೋಡೆಗೆ ತೂಗುಹಾಕಿದಳು. ಎದುರಿನ ದಂಡೆಯಲ್ಲಿ ಮೊಳೆ ಇತ್ತು.

"ಹುನಗುಂದಕ್ಕ ಹೋಗಿದ್ನಿ" ಎಂದು ಆ ಮೊಳೆಗೆ ಹೇಳಿ, ದೀಪ ಹಚ್ಚಲು ಎದ್ದಳು.